ಬಾಗಿಲಿಗೆ ಬಲ ತುಂಬಿದ ದಿನ

ನಮ್ಮ ಮಲಗುವ ಕೋಣೆಯ ಬಾಗಿಲು ಕಟ್ಟಿಗೆಯದು ಎಂದು ಹನ್ನೊಂದು ವರ್ಷ ನಂಬಿದ್ದೆ. ಪುಣೆಯಲ್ಲಿ ಸ್ವಂತ ಫ್ಲ್ಯಾಟ್ ಕೊಂಡವನಿಗೆ ಅಷ್ಟು ನಂಬಿಕೆಯಾದರೂ ಬೇಡವೇ? ಆ ಭಾನುವಾರ ಬೆಳಿಗ್ಗೆ ಬಾಗಿಲಿಗೆ ಹೊಡೆದಿದ್ದ ಕೊಕ್ಕೆ ಕಿತ್ತು ಬಂತು. ತೂತಿನಲ್ಲಿ ಇಣುಕಿದೆ. ಒಳಗೆ ಕಟ್ಟಿಗೆಯೇ ಇಲ್ಲ! ಎರಡು ತೆಳು ಹಲಗೆ, ನಡುವೆ ಜೇನುಗೂಡಿನಂತೆ ಹೆಣೆದ ರಟ್ಟು. ಇಷ್ಟು ವರ್ಷ ನಾವು ರಟ್ಟಿಗೆ ಚಿಲಕ ಹಾಕಿ ನಿಶ್ಚಿಂತೆಯಿಂದ ಮಲಗಿದ್ದೆವು.

ಗೂಡುಗಳಲ್ಲಿ ಡಬ್ಬಿಯಿಂದ ಹೊಡೆಯುವ ಫೋಮ್ ನೊರೆ ತುಂಬಿದರೆ ಬಾಗಿಲು ಗಟ್ಟಿಯಾಗುತ್ತದೆಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೇಳಿದ. ಕೂಡಲೇ ಅಂಗಡಿಗೆ ಓಡಿದೆ.

"ಥೋಡಂಚ್ ಮಾರಾ ಸಾಹೇಬ್, ಖೂಪ್ ಫುಗತಂ" ಎಂದ ಅಂಗಡಿಯವ. ಸ್ವಲ್ಪವೇ ಹೊಡೆಯಿರಿ, ತುಂಬಾ ಉಬ್ಬುತ್ತದೆ ಎಂದು. ಸ್ವಲ್ಪದಿಂದ ಬಲ ಬರುತ್ತದೆಯೇ? ಮೂರು ಡಬ್ಬಿ ತಂದೆ.

ಅಂದು ಸಂಜೆ ಬಾರಾಮತಿಯಲ್ಲಿ ನನ್ನ ಹೆಂಡತಿ ಸುಮಿತ್ರಾಳ ತಮ್ಮನ ನಿಶ್ಚಿತಾರ್ಥ. ವಿಜಯಪುರದಿಂದ ಬಂದಿದ್ದ ಅತ್ತೆಯವರು ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ರೇಷ್ಮೆ ಸೀರೆ ಉಡುತ್ತಿದ್ದರು. ಉಂಗುರವೂ ಅವರ ಬಳಿಯೇ.

"ರೀ, ಇವತ್ತ ಬ್ಯಾಡ್ರಿ. ಇನ್ನ ಒಂದ ತಾಸಿಗೆ ಗಾಡಿ ಬರ್ತದ" ಎಂದಳು ಸುಮಿತ್ರಾ.

"ಹತ್ತ ನಿಮಿಷದ ಕೆಲಸ. ಬಾಗಲಾ ಹಾಕೇ ಅದ, ಅಲುಗಾಡೂದಿಲ್ಲ."

ಡ್ರಿಲ್ಲಿನಿಂದ ತೂತಿನ ಮೇಲೆ ತೂತು ಕೊರೆದೆ. ಯಾವ ಗೂಡಿಗೂ ಅನ್ಯಾಯವಾಗಬಾರದು! ಮೂರೂ ಡಬ್ಬಿ ಖಾಲಿ ಮಾಡಿ, ಕೈಕಟ್ಟಿ ನಿಂತು ನನ್ನ ಕಾರ್ಯವನ್ನು ವೀಕ್ಷಿಸಿದೆ.

ಆಗ ಬಾಗಿಲು ನರಳಿತು.

ಕರ್ರ್ ಎಂದು ನಡು ಉಬ್ಬಿ ಪೂರಿಯಾಯಿತು. ಅಂಚುಗಳಿಂದ ಹಳದಿ ನೊರೆ ಉಕ್ಕಿ ಚೌಕಟ್ಟಿನ ಸಂದಿಗೆಲ್ಲ ಇಳಿಯಿತು. ಒರೆಸಲು ಹೋದರೆ ಬಟ್ಟೆ ಅಂಟಿತು. ಬಟ್ಟೆ ಕೀಳಲು ಹೋದರೆ ನಾನು ಅಂಟಿದೆ!

ಒಳಗಿನಿಂದ ಅತ್ತೆಯವರ ದನಿ: "ಅಳಿಯಂದ್ರ, ಬಾಗಲಾ ಬಸುರಾಗೇದಲ್ರೀ!"

"ಚಿಲಕಾ ತಗೀರಿ ಅತ್ತಿ!"

"ಚಿಲಕಾ ತಗದೀನಿ. ಬಾಗಲಾನ ಬರವಲ್ದು!"

ಎಳೆದೆ, ಗುದ್ದಿದೆ. ಅಲುಗಲಿಲ್ಲ. ಗಾಡಿ ಬಂದು ಹಾರ್ನ್ ಹೊಡೆಯತೊಡಗಿತು. ಸುಮಿತ್ರಾಳ ಮುಖ ಬಿಳಿಚಿತು. "ನಮ್ಮವ್ವನ್ನ ಗ್ವಾಡ್ಯಾಗ ಇಟ್ಟ ಕಟ್ಟಿದ್ರೇನ್ರಿ?"

ಕೆಳಗಿನ ಫ್ಲ್ಯಾಟಿನಲ್ಲಿ ಕೆಲಸ ಮಾಡುತ್ತಿದ್ದ ಯಾದಗಿರಿಯ ಬಡಗಿ ಶರಣಪ್ಪನನ್ನು ಅವಳೇ ಕರೆತಂದಳು. ಅವನು ಬಾಗಿಲು ನೋಡಿದ, ನನ್ನನ್ನು ನೋಡಿದ. "ಯಾರ್ರೀ ಇದನ್ನ ಮಾಡಿದಾಂವ?" ನಾನು ಮೊಬೈಲಿನವನ ಕಡೆ ಬೆರಳು ತೋರಿಸಿದೆ.

ಶರಣಪ್ಪ ಗರಗಸದಿಂದ ಬಾಗಿಲಿನ ಕೆಳಭಾಗದಲ್ಲಿ ಕಿಂಡಿ ಕೊಯ್ದ. ಕಿಂಡಿಯಿಂದ ಮೊದಲು ಉಂಗುರದ ಡಬ್ಬಿ ಬಂತು, ಆಮೇಲೆ ಅಂಬೆಗಾಲಿಕ್ಕುತ್ತ ಅತ್ತೆಯವರು. ನಡುವಿನ ಫೋಮ್ ಇನ್ನೂ ಹಸಿ! ಅದು ಅವರ ತುರುಬಿಗೆ ಮೆತ್ತಿಕೊಂಡಿತು. ಎಣ್ಣೆ ಹಚ್ಚಿದರೂ ಬಿಡಲಿಲ್ಲ. ಸುಮಿತ್ರಾ ನನ್ನತ್ತ ನೋಡದೆ ಕತ್ತರಿ ತಂದಳು. ತುರುಬು ಫೋಮಿನೊಂದಿಗೇ ನೆಲಕ್ಕೆ ಬಿತ್ತು.

ಬಾರಾಮತಿಗೆ ತಡವಾಗಿಯಾದರೂ ಮುಟ್ಟಿದೆವು. ಅತ್ತೆಯವರು ತಲೆ ತುಂಬ ಸೆರಗು ಹೊದ್ದು ಗಂಭೀರವಾಗಿ ಕುಳಿತು ಉಂಗುರ ಹಾಕಿಸಿದರು. ಬೀಗರು ಅವರ ವಿನಯವನ್ನು ಬಹಳ ಮೆಚ್ಚಿದರು. ಕಾರಣ ನನಗೊಬ್ಬನಿಗೇ ಚುಚ್ಚುತ್ತಿತ್ತು.

ಊಟದ ಹೊತ್ತಿಗೆ ಬೀಗರು ನನ್ನ ಕಡೆ ತಿರುಗಿ, "ದೊಡ್ಡ ಅಳಿಯಂದ್ರು ಏನ ಮಾಡ್ತಾರ್ರಿ?" ಎಂದು ಕೇಳಿದರು. ನಾನು ಅಂಗಿಯ ಕಾಲರು ಸರಿಪಡಿಸಿಕೊಂಡೆ.

ಅತ್ತೆಯವರು ಸೆರಗು ಇನ್ನಷ್ಟು ಮುಂದೆಳೆದುಕೊಂಡು ಹೇಳಿದರು: "ಶಿವಾಜಿನಗರದಾಗ ಆಫೀಸಿಗೆ ಹೋಗ್ತಾರ್ರಿ. ರಜಾ ಇದ್ದ ದಿನಾ ಮಾತ್ರ ಸ್ವಲ್ಪ ತ್ರಾಸ."