ಎಡ ತಿರುವಿಗೆ ಒಂಬತ್ತು ಅಂಕ

ತಲೆಗೂದಲು ಉದುರಿದ್ದನ್ನು ಗಂಡಸರು ಹೇಗೋ ಒಪ್ಪಿಕೊಂಡುಬಿಡುತ್ತಾರೆ. ಕಣ್ಣು ಮಂದವಾದದ್ದನ್ನು ಮಾತ್ರ ಒಪ್ಪುವುದಿಲ್ಲ. ನಾನಂತೂ ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಇರುವೆಯಷ್ಟು ಸಣ್ಣ ಅಕ್ಷರಗಳ ನಡುವೆ ಅಡಗಿ ಕೂತ ತಪ್ಪನ್ನೂ ಹೆಕ್ಕಿ ತೆಗೆಯುವ ಈ ಕಣ್ಣಿಗೆ ಕನ್ನಡಕ ಬೇಕೆಂದು ಯಾರಾದರೂ ಹೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಕಾಪುವಿಗೆ ಹೋಗಬೇಕಾದವನು ಕಾರ್ಕಳದ ಬಸ್ಸು ಹತ್ತಿದ್ದೂ ಉಂಟು. ಆಗ ಬೋರ್ಡು ಬರೆದವನನ್ನು ಬೈದುಕೊಂಡೆ.

ಇಂಥ ಕಣ್ಣಿಟ್ಟುಕೊಂಡು ನಾನು ಎಂಬತ್ತರ ದಶಕದಲ್ಲಿ ವಿಮಾನ ಹಾರಿಸುತ್ತಿದ್ದೆ. ಆಟಿಕೆ ಎಂದುಕೊಳ್ಳಬೇಡಿ. ಆಕಾಶದಲ್ಲಿ ಲಾಗ ಹಾಕುವ ನಿಜವಾದ ವಿಮಾನದ ಕಾಲುಭಾಗ ಅಳತೆಯ ಮಾದರಿ. ಏಳು ಅಡಿಯ ರೆಕ್ಕೆ, ಮರ ಕೊಯ್ಯುವ ಯಂತ್ರದಿಂದ ಕಳಚಿದ ಇಂಜಿನ್. ಅಲೆವೂರಿನ ನಮ್ಮ ಮನೆಯ ಚಾವಡಿಯಲ್ಲಿ ಎರಡು ವರ್ಷ ಕೂತು ಕಟ್ಟಿದ್ದೆ. ನೆಲದಿಂದಲೇ ಅದನ್ನು ನಡೆಸುವ ರೇಡಿಯೋ ಪೆಟ್ಟಿಗೆಯನ್ನು ಬಹರೈನಿನಲ್ಲಿದ್ದ ಭಾವ, ಅಂದರೆ ಹೆಂಡತಿಯ ಅಣ್ಣ, ತಂದುಕೊಟ್ಟಿದ್ದ. ಬಣ್ಣ ಮಾತ್ರ ಮನೆಯದ್ದೇ: ಜಗಲಿಗೆ ಬಳಿದು ಉಳಿದಿದ್ದ ಕೆಂಪು ರೆಕ್ಕೆಗೆ, ಗೋಡೆಯ ಬಿಳಿ ಮೂತಿಗೆ. ಈ ಜಿಪುಣತನದ ಫಲ ಮುಂದೆ ಉಣ್ಣಬೇಕಾಯಿತು.

ಕಾರ್ಕಳದ ಆಚೆ ಮುರಕಲ್ಲಿನ ಬಯಲಿನಲ್ಲಿ ಸ್ಪರ್ಧೆ. ಯಾವ ಲಾಗದ ನಂತರ ಯಾವ ತಿರುವು ಎಂದು ಪಟ್ಟಿ ಹಿಡಿದು, ಹಾರಿಸುವವನ ಬೆನ್ನ ಹಿಂದೆ ನಿಂತು ಕೂಗಿ ಹೇಳಲು ಒಬ್ಬರು ಬೇಕು. ನನಗೆ ಹೆಂಡತಿ ಸುಮತಿ ಇದ್ದಳು. ಮನೆಯಲ್ಲಿಯೂ ಅವಳು ಅದನ್ನೇ ಮಾಡುತ್ತಿದ್ದುದರಿಂದ ಬೇರೆ ಅಭ್ಯಾಸ ಬೇಕಾಗಲಿಲ್ಲ. ರಜೆಯಲ್ಲಿ ಬಂದಿದ್ದ ಭಾವ ಕುರ್ಚಿ ಹಾಕಿ ಕೂತಿದ್ದ. ವಿಮಾನ ಬಿದ್ದರೆ ನನ್ನ ಎರಡು ವರ್ಷ ಅವನ ಕಣ್ಣೆದುರೇ ಪುಡಿಯಾಗುತ್ತಿತ್ತು.

ಮೊದಲ ಲಾಗ ಸರಿಯಾಯಿತು. ಎರಡನೆಯದರಲ್ಲಿ ವಿಮಾನ ಸೂರ್ಯನ ಕಡೆ ಏರಿ ನನ್ನ ಕಣ್ಣು ಕೋರೈಸಿತು. ಮತ್ತೆ ನೋಡಿದಾಗ ಕೆಂಪು ರೆಕ್ಕೆ, ಬಿಳಿ ಮೂತಿ ಕಂಡವು. ಬದುಕಿದೆ ಎಂದುಕೊಂಡೆ. "ಇನ್ನು ದೊಡ್ಡ ತಿರುವು, ಎಡಕ್ಕೆ," ಎಂದಳು ಪಟ್ಟಿ ನೋಡುತ್ತಿದ್ದ ಸುಮತಿ. ಎಡಕ್ಕೆ ಒತ್ತಿದೆ. ಎಡಕ್ಕೇ ತೇಲಿತು. ಅಷ್ಟು ಚಂದದ ತಿರುವು ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಇಂಜಿನ್ನಿನ ಸದ್ದು ಮಾತ್ರ ಬಲಗಡೆಯಿಂದ ಕೇಳುತ್ತಿತ್ತು. ಬಂಡೆಗೆ ಬಡಿದ ಪ್ರತಿಧ್ವನಿ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಆಗ ಅದು ಎರಡು ಸಲ ರೆಕ್ಕೆ ಬಡಿಯಿತು.

"ಎಂತ ಮಾರಾಯ್ರೆ, ಯಾವುದನ್ನು ಹಾರಿಸ್ತಾ ಇದ್ದೀರಿ? ಅದು ಗರುಡ! ನಮ್ಮದು ಈ ಕಡೆ ಉಂಟು!"

ಸುಮತಿ ನನ್ನ ಭುಜ ಹಿಡಿದು ಬಲಕ್ಕೆ ತಿರುಗಿಸಿದಳು. ಗೋಳಿಮರದ ಮೇಲೆ ಮಸುಕು ಕೆಂಪೊಂದು ಓರೆಯಾಗಿ ಸುತ್ತುತ್ತಿತ್ತು. "ಬಲಕ್ಕೆ. ಸಾಕು. ಮೇಲೆ, ಮೇಲೆ! ಈಗ ನಿಧಾನ ಇಳಿಸಿ." ಅವಳು ಹೇಳಿದಂತೆ ಬೆರಳಾಡಿಸಿದೆ. ವಿಮಾನ ನೆಲ ಮುಟ್ಟಿ, ಒಮ್ಮೆ ಕುಪ್ಪಳಿಸಿ, ಭಾವನ ಕುರ್ಚಿಯ ಹತ್ತಿರ ಬಂದು ನಿಂತಿತು. ಒಂದು ಗೀರೂ ಇಲ್ಲ! ನಾನು ಅಲ್ಲೇ ಕೂತೆ. ಬಿಸಿ ಮುರಕಲ್ಲಿನ ಮೇಲೆ ಅಷ್ಟು ಹಾಯಾಗಿ ನಾನು ಎಂದೂ ಕೂತಿಲ್ಲ.

"ನಾಳೆಯೇ ಕಣ್ಣಿನ ಡಾಕ್ಟ್ರಲ್ಲಿಗೆ ಬರುವುದಾದರೆ ಅಣ್ಣನಿಗೆ ಹೇಳುವುದಿಲ್ಲ," ಎಂದು ಸುಮತಿ ಮೆಲ್ಲಗೆ ಹೇಳಿದಳು. ಒಪ್ಪಿದೆ. ಅಷ್ಟರಲ್ಲಿ ತೀರ್ಪುಗಾರರು ಬಂದರು. ಕಾಪುವಿನ ನಿವೃತ್ತ ಹೆಡ್ಮಾಸ್ಟ್ರು. ವಯಸ್ಸು ಎಪ್ಪತ್ತಾದರೂ ಕನ್ನಡಕವಿಲ್ಲ.

"ಲಾಗ ಎರಡೂ ಸಾಧಾರಣ. ಆದರೆ ಆ ಎಡ ತಿರುವು ಉಂಟಲ್ಲ, ಎಷ್ಟು ಸಹಜ! ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ. ಕೊನೆಗೆ ರೆಕ್ಕೆ ಸ್ವಲ್ಪ ಅಲುಗಿತು, ಅದಕ್ಕೆ ಒಂದು ಕಳೆದೆ."

ಕನ್ನಡಕ ಬಂದ ಮೇಲೆ ಎಷ್ಟೋ ಸಲ ಸ್ಪರ್ಧಿಸಿದೆ. ವಿಮಾನ ಸ್ಪಷ್ಟವಾಗಿ ಕಾಣುತ್ತಿತ್ತು. ಎಡ ತಿರುವಿಗೆ ಐದಕ್ಕಿಂತ ಹೆಚ್ಚು ಅಂಕ ಒಮ್ಮೆಯೂ ಬರಲಿಲ್ಲ.