ಸ್ಟುಡಿಯೋದ ಕರಿಕೋಟು

ಶಿಕಾರಿಪುರದ ಫೋಟೋ ಸ್ಟುಡಿಯೋ ಬೆನಕಪ್ಪನಿಗೆ ಆ ವರ್ಷ ಕೈತಪ್ಪಿದ ಮದುವೆಗಳು ನಾಲ್ಕು. ನಾಲ್ಕನ್ನೂ ಹೊಡೆದುಕೊಂಡವನು ಸೊರಬದ ಫೋಟೋಗ್ರಾಫರ್ ಸುರೇಂದ್ರ. ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮೆಟ್ಟಿಲು ಹತ್ತುವವರೇ ಅಪರೂಪ. ಮದುವೆಗಳೂ ಹೋದರೆ ಬಾಗಿಲು ಹಾಕುವುದೊಂದೇ ಬಾಕಿ.

“ಆ ಹುಡುಗ ಬ್ಲೇಜರ್ ಹಾಕ್ಕೊಂಡು ಹೋಗ್ತಾನ್ರಿ. ನಿಮ್ಮನ್ನ ನೋಡಿದ್ರೆ ಶಾಮಿಯಾನ ಕಟ್ಟೋಕೆ ಬಂದಾರೆ ಅನ್ಕೋತಾರೆ,” ಎಂದು ಹೆಂಡತಿ ಶಶಿರೇಖಾ ರೋಗದ ಮೂಲ ಕಂಡುಹಿಡಿದಳು.

ಹೀಗಿರುವಾಗ ಬಳ್ಳಿಗಾವಿಯ ಈಶ್ವರ್ ಫೋನ್ ಮಾಡಿ, “ಫೋಟೋ ಕೆಲಸ ಐತಿ, ಒಂದ್ಸಲ ಮನೀಗೆ ಬರ್ರಿ,” ಎಂದ. ಅವನ ತಂಗಿಗೆ ಮದುವೆ ಗೊತ್ತಾಗಿದ್ದು ಎಲ್ಲರಿಗೂ ತಿಳಿದಿತ್ತು. ಶಶಿರೇಖಾ ತಕ್ಷಣ ಸ್ಟುಡಿಯೋದ ಗೂಟದಿಂದ ಕರಿಕೋಟು ಇಳಿಸಿದಳು. ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಬಂದವರಿಗೆಲ್ಲ ತೊಡಿಸುವ ಕೋಟು ಅದು. ಸಣಕಲರಿಗೂ ದಡೂತಿಗಳಿಗೂ ಹೊಂದಲೆಂದು ಅದರ ಬೆನ್ನನ್ನು ಉದ್ದಕ್ಕೆ ಸೀಳಲಾಗಿತ್ತು. ಕ್ಲಿಪ್ಪು ಹಾಕಿ ಬಿಗಿಯಬೇಕು. (ಎದುರಿನಿಂದ ನೋಡಿದರೆ ಜಿಲ್ಲಾಧಿಕಾರಿ, ಹಿಂದಿನಿಂದ ಬಟ್ಟೆ ಒಣಹಾಕುವ ತಂತಿ.)

“ಯಾರಿಗೂ ಬೆನ್ನು ತೋರಿಸ್ಬ್ಯಾಡ್ರಿ, ಅಷ್ಟೇ,” ಎಂದು ಅದನ್ನು ಗಂಡನಿಗೆ ತೊಡಿಸಿದಳು.

ಬಸ್ಸಿನಲ್ಲಿ ಕ್ಲಿಪ್ಪುಗಳು ಬಳ್ಳಿಗಾವಿಯವರೆಗೂ ಚುಚ್ಚಿದವು. ಈಶ್ವರನ ಮನೆಯಲ್ಲಿ ಬೆನಕಪ್ಪ ಏಡಿಯಂತೆ ಅಡ್ಡಡ್ಡ ನಡೆದು ಕುರ್ಚಿ ಹಿಡಿದ. ಒಳಗಿನಿಂದ ಬಂದ ಈಶ್ವರನ ತಾಯಿ ರಾಜೇಶ್ವರಮ್ಮ ಕೋಟು ನೋಡಿ ನಿಂತುಬಿಟ್ಟರು. ಆಮೇಲೆ ಗೋಡೆ ನೋಡಿದರು. ಎರಡು ವರ್ಷದ ಹಿಂದೆ ತೀರಿಕೊಂಡ ಅವರ ಗಂಡ ಮಲ್ಲಿಕಾರ್ಜುನಪ್ಪ ಹಾರ ಹಾಕಿದ ಫೋಟೋದೊಳಗೆ ಅದೇ ಕೋಟಿನಲ್ಲಿದ್ದರು. ಬಿಳಿ ದಾರದಲ್ಲಿ ಹೊಲಿದ ಮೇಲಿನ ಗುಂಡಿ ಕೂಡ ಅದೇ.

“ನಮ್ಮೆಜಮಾನ್ರ ಕೋಟು!” ಮುದುಕಿ ಗುಂಡಿಯತ್ತ ಬೆರಳು ತೋರಿದರು. “ಹೊಲಿಸಿ ಟ್ರಂಕಿನಾಗೆ ಇಟ್ಟೀನಿ ಅಂದಿದ್ರು. ಹೋದ್ಮೇಲೆ ನೋಡಿದ್ರೆ ಇಲ್ಲ. ನಿಮಗ್ಯಾರು ಕೊಟ್ರು?”

ಅಡುಗೆಮನೆಯ ಬಾಗಿಲಿಗೆ ಸೊಸೆ ಚೈತ್ರಶ್ರೀ ಬಂದು ನಿಂತಳು. “ಹೇಳ್ರಿ ಸರ್. ನಾನು ನನ್ನ ತಮ್ಮಗೆ ಕೊಟ್ಟೀನಂತ ಎರಡು ವರ್ಷದಿಂದ ಅಂತಾರೆ ಅತ್ತೆ. ನನ್ನ ತವರಿನೋರು ಈ ಹೊಸ್ತಿಲು ತುಳಿಯೋದೇ ಬಿಟ್ಟಾರೆ.”

ಏನಾದರೊಂದು ಸುಳ್ಳು ಹೇಳಿದರೆ ಬೆನಕಪ್ಪನ ಮಾನ ಉಳಿಯುತ್ತಿತ್ತು, ಆರ್ಡರೂ ಉಳಿಯುತ್ತಿತ್ತೇನೋ. ಆದರೆ ಆ ಹುಡುಗಿಯ ಕಣ್ಣು ತುಂಬಿತ್ತು. ಅವನು ಎದ್ದು ನಿಂತು, ಮೆಲ್ಲಗೆ ತಿರುಗಿ, ಇಡೀ ಮನೆಗೆ ಬೆನ್ನು ತೋರಿಸಿದ. ಏಳು ಕ್ಲಿಪ್ಪು.

“ಇದು ಸ್ಟುಡಿಯೋದ್ದು ಅಮ್ಮಾ. ಯಜಮಾನ್ರು ಪಿಂಚಣಿ ಫೋಟೋಕ್ಕೆ ಹತ್ತು ನಿಮಿಷ ಹಾಕ್ಕೊಂಡಿದ್ರು.”

ರಾಜೇಶ್ವರಮ್ಮ ಒಂದೊಂದೇ ಕ್ಲಿಪ್ಪು ಮುಟ್ಟಿ ನೋಡಿದರು. “ನನ್ನ ಹತ್ರಾನೂ ಜಂಬ ಕೊಚ್ಕೊಂಡೇ ಹೋದ್ರಲ್ಲ,” ಎಂದು ನಗಲು ಹೋಗಿ ಅತ್ತುಬಿಟ್ಟರು. ಸೊಸೆಯ ಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಬೆನಕಪ್ಪ ಕೆಮ್ಮಿ, ಮದುವೆಯ ವಿಷಯ ತೆಗೆದ.

“ಮದ್ವೀಗೆ ಸುರೇಂದ್ರಗೆ ಹೇಳೇವ್ರಿ,” ಈಶ್ವರ್ ತಲೆ ಕೆರೆದುಕೊಂಡ. “ಅಪ್ಪನ ಫೋಟೋ ಮಾಸೈತಿ. ಇನ್ನೊಂದು ಪ್ರಿಂಟ್ ಬೇಕಿತ್ತು, ಅದಕ್ಕೇ ಕರೆಸಿದ್ದು.”

“ಪ್ರಿಂಟ್ ಹಾಕ್ರಿ,” ರಾಜೇಶ್ವರಮ್ಮ ಕಣ್ಣೊರೆಸಿಕೊಂಡರು. “ಆದ್ರೆ ಆ ಕೋಟು ಬ್ಯಾಡ. ದಿನಾ ಹಾಕ್ತಿದ್ದ ಬಿಳಿ ಅಂಗಿ ಹಾಕಿ ಕೊಡ್ರಿ. ಕಂಪ್ಯೂಟರಿನಾಗೆ ಎಲ್ಲಾ ಆಗುತ್ತಂತಲ್ಲ.”

ಸಂಜೆ ಶಶಿರೇಖಾ ಸ್ಟುಡಿಯೋದಲ್ಲೇ ಕಾದಿದ್ದಳು. “ಆರ್ಡರ್ ಸಿಕ್ತೇನ್ರಿ?”

“ಸಿಕ್ತು.”

“ನಾ ಹೇಳ್ಲಿಲ್ವಾ? ಕೋಟು ಹಾಕ್ಕೊಂಡಿದ್ದಕ್ಕೇ!”

“ಹೂಂ,” ಬೆನಕಪ್ಪ ಕಂಪ್ಯೂಟರ್ ಮುಂದೆ ಕುಸಿದು ಕೂತ. “ಅದನ್ನ ತೆಗೀಲಿಕ್ಕೇ ಸಿಕ್ಕಿದ್ದು.”