ಕ್ಯಾಸರೋಲ್ ಪಟ್ಟಿಯಲ್ಲಿಲ್ಲದ ಸಾಮಾನು

ಸಂಶಯ ಪಡುವುದಕ್ಕೆ ಸಂಬಳ ಕೊಡುವ ಕೆಲಸಗಳು ಲೋಕದಲ್ಲಿ ಕೆಲವೇ ಇವೆ. ಪೊಲೀಸರದ್ದು ಒಂದು, ನನ್ನದು ಇನ್ನೊಂದು. ಮೆಲ್ಬರ್ನಿನ ಟ್ರುಗನಿನಾದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಒಂದು ಗೋದಾಮಿನಲ್ಲಿ ನಾನು ಡಿಸ್‌ಪ್ಯಾಚ್ ಸೂಪರ್‌ವೈಸರ್. ಪಟ್ಟಿಯಲ್ಲಿ ಬರೆದದ್ದೆಲ್ಲ ಪೆಟ್ಟಿಗೆಯೊಳಗೆ ಇದೆಯೇ, ಪೆಟ್ಟಿಗೆಯೊಳಗೆ ಇರುವುದೆಲ್ಲ ಪಟ್ಟಿಯಲ್ಲಿದೆಯೇ ಎಂದು ನೋಡುವುದು, ಆಮೇಲೆ ಸೀಲ್ ಹಾಕುವುದು, ಹಾಕಿದ ಸೀಲನ್ನೂ ನಂಬದೆ ಇನ್ನೊಮ್ಮೆ ಎಳೆದು ನೋಡುವುದು. ಹದಿನಾಲ್ಕು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದ ಕೂಡಲೇ ಮನಸ್ಸಿನ ಬಾಗಿಲು ತೆರೆದು ಎಲ್ಲರನ್ನೂ ನಂಬುತ್ತಾನೆ ಎಂದುಕೊಳ್ಳಬೇಡಿ. ನಾನು ಹಾಲಿನ ಕ್ಯಾನನ್ನೂ ಅಲ್ಲಾಡಿಸಿ, ಎಷ್ಟು ಖಾಲಿಯಾಗಿದೆ ಎಂದು ಅಂದಾಜು ಮಾಡಿಯೇ ಫ್ರಿಜ್‌ನಲ್ಲಿ ಇಡುವವನು. ಹೆಂಡತಿ ಲವೀನಾ ಏಜ್ಡ್ ಕೇರ್‌ನಲ್ಲಿ ನರ್ಸ್. ದಿನವಿಡೀ ಸಂಶಯದ ಮುದುಕರನ್ನು ಸಂಭಾಳಿಸಿ ಅವಳಿಗೆ ಅಭ್ಯಾಸವಾಗಿದೆ, ಹಾಗಾಗಿ ನಮ್ಮ ಸಂಸಾರ ನಡೆಯುತ್ತಿದೆ.

ಇಂಥ ನನ್ನ ಮೇಲೆಯೇ ಸಂಶಯ ಬಂದ ಕಥೆ ಇದು. ಬಂದದ್ದೂ ಒಂದು ಕ್ಯಾಸರೋಲಿನ ಕಾರಣಕ್ಕೆ. ನಮ್ಮೂರಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿರಲೆಂದು ಮುಚ್ಚಿಡುವ ಡಬ್ಬಿ. ಇಲ್ಲಿ ಅದು ಓವನ್‌ನಲ್ಲಿ ಬೇಯುವ ಒಂದು ಊಟ. ಗೋದಾಮಿನ ಊಟದ ಕೋಣೆಯಲ್ಲಿ ಬ್ಯಾರಿ ಎಂಬ ಫೋರ್ಕ್‌ಲಿಫ್ಟ್ ಡ್ರೈವರ್ ಒಮ್ಮೆ ತನ್ನ ಡಬ್ಬಿಯಿಂದ ಒಂದು ತುಂಡು ಕೊಟ್ಟ. ಕೆಳಗೆ ಬೀಫ್ ಮಿನ್ಸ್, ಅಂದರೆ ಸಣ್ಣಗೆ ಕೊಚ್ಚಿದ ಮಾಂಸ, ಮೇಲೆ ತೆಳ್ಳಗೆ ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ, ಮತ್ತೆ ಮಿನ್ಸ್, ಮತ್ತೆ ಆಲೂಗಡ್ಡೆ, ಅದರ ಮೇಲೆ ಚೀಸ್. ಒಂದು ತುಂಡಿಗೇ ಹೊಟ್ಟೆ ತುಂಬಿತು. ನಾನು ಅಲ್ಲೇ ಅವನಿಂದ ಪಟ್ಟಿ ಬರೆಸಿಕೊಂಡೆ. ಹನ್ನೊಂದು ಸಾಮಾನು. ಅಡುಗೆಯೂ ಒಂದು ಡಿಸ್‌ಪ್ಯಾಚ್ ಕೆಲಸ ಎಂದು ನನಗೆ ಅಂದೇ ಅರ್ಥವಾದದ್ದು. ಇಷ್ಟು ವರ್ಷ ಈ ಹೆಂಗಸರು ಅದನ್ನೊಂದು ದೊಡ್ಡ ವಿದ್ಯೆಯ ಹಾಗೆ ತೋರಿಸಿ ನಮ್ಮನ್ನು ಹೆದರಿಸಿದ್ದರು.

ಅಂದಿನಿಂದ ಎರಡು ವರ್ಷ, ಪ್ರತಿ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನನ್ನ ಕ್ಯಾಸರೋಲ್. ನಾಲ್ಕೂವರೆಗೆ ಟ್ರೇಯನ್ನು ಫಾಯಿಲ್‌ನಿಂದ ಮುಚ್ಚಿ ಓವನ್‌ಗೆ ತಳ್ಳಿ, ಹಿತ್ತಿಲಿಗೆ ಹೋಗಿ ಸಿಡ್ನಿಯಲ್ಲಿರುವ ಅಕ್ಕ ಫಿಲೋಮಿನಾಗೆ ಫೋನ್ ಮಾಡುತ್ತಿದ್ದೆ. ಅರ್ಧ ಗಂಟೆ ಮಾತು. ಒಳಗೆ ಬಂದು ಫಾಯಿಲ್ ತೆಗೆದು, ಚೀಸ್ ಕೆಂಪಾಗುವವರೆಗೆ ಕಾದು, ಮೇಜಿಗೆ ಇಟ್ಟರೆ ಮಗ ಮಗಳು ಇಬ್ಬರೂ ಟ್ರೇಯ ಮೂಲೆ ಕೆರೆಯುತ್ತಿದ್ದರು. ನಮ್ಮ ಮಕ್ಕಳ ಬಾಯಿಂದ ಹೊಗಳಿಕೆ ಬರುವುದು ಕಷ್ಟ. "ಡ್ಯಾಡ್, ದಿಸ್ ಈಸ್ ಆಕ್ಚುಲಿ ಗುಡ್" ಎಂದು ಮಗಳು ಅಂದ ದಿನ ನಾನು ಪ್ಲೇಟುಗಳನ್ನೂ ತೊಳೆದೆ.

ಅಕ್ಕನ ಬಗ್ಗೆ ಹೇಳಬೇಕು. ನಾನು ಈ ದೇಶಕ್ಕೆ ಬಂದಾಗ ಎರಡು ವರ್ಷ ಇದ್ದದ್ದು ಸಿಡ್ನಿಯ ಟೂಂಗಾಬಿಯ ಅವಳ ಮನೆಯಲ್ಲಿ. ಕೆಲಸ ಸಿಗದ ದಿನಗಳಲ್ಲಿ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದವಳು ಅವಳು. ಆ ಋಣ ನಾನು ಮರೆತಿಲ್ಲ, ಅವಳೂ ಮರೆಯಲು ಬಿಟ್ಟಿಲ್ಲ. ಅವಳ ಮಗ ಬ್ಲ್ಯಾಕ್‌ಟೌನ್‌ನ ಆಸ್ಟ್ರೇಲಿಯನ್ ಹುಡುಗಿಯನ್ನು ಮೆಚ್ಚಿದ. ಹುಡುಗಿಯ ಅಪ್ಪ ಅಮ್ಮ ಮೊದಲ ಸಲ ಊಟಕ್ಕೆ ಬರುವುದೆಂದಾಯಿತು. "ಅವರ ಅಡುಗೆಯನ್ನೇ ಮಾಡ್ತೇನೆ ಮಾರಾಯ, ನಿನ್ನ ಆ ಕ್ಯಾಸರೋಲ್ ಹೇಳು" ಎಂದಳು ಅಕ್ಕ. ನಾನು ಪಟ್ಟಿಯನ್ನು ಟೈಪ್ ಮಾಡಿ, ಗ್ರಾಂ ಸಹಿತ ಕಳಿಸಿದೆ.

ಆ ಊಟದ ಮರುದಿನ ಅವಳ ಫೋನ್. ನಮ್ಮ ಮನೆಮಾತು ಕೊಂಕಣಿ. ಬೈಗುಳ ಬಿಟ್ಟು ಉಳಿದದ್ದನ್ನು ಕನ್ನಡಕ್ಕೆ ತಂದಿದ್ದೇನೆ.

"ಬೀಗರಾಗುವವರು ಮೂರು ಸಲ ಉಪ್ಪು ಕೇಳಿದರು, ಗೊತ್ತುಂಟಾ? ನನ್ನ ಮಗನೇ ಅರ್ಧ ತಟ್ಟೆಯಲ್ಲಿ ಬಿಟ್ಟ. ನೀನು ಎಂತದು ನುಂಗಿದ್ದು, ರೋನಿ?"

"ಅಕ್ಕ, ಹನ್ನೊಂದೂ ಬರೆದಿದ್ದೇನೆ."

"ಬರೆದಿದ್ದೀ. ಹನ್ನೆರಡನೆಯದ್ದು ಬರೆಯಲಿಲ್ಲ."

ನಮ್ಮ ಕಡೆ ಇದೊಂದು ಹಳೆಯ ರೋಗ. ರೆಸಿಪಿ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಧಾರಾಳವಾಗಿ ಕೊಡುತ್ತಾರೆ, ಒಂದನ್ನು ಮಾತ್ರ ನುಂಗಿಕೊಳ್ಳುತ್ತಾರೆ. ನಮ್ಮ ಅಮ್ಮನಿಗೆ ಕ್ರಿಸ್ಮಸ್ ತಿಂಡಿಯ ವಿಧಾನವನ್ನು ಸ್ವಂತ ನಾದಿನಿಯೇ ಹೇಳಿಕೊಟ್ಟಿದ್ದಳು, ತೆಂಗಿನ ಹಾಲು ಒಂದನ್ನು ಬಿಟ್ಟು. ಅದು ಬಯಲಾದದ್ದು ಒಂಬತ್ತು ಕ್ರಿಸ್ಮಸ್ ಕಳೆದ ಮೇಲೆ. ಅಂಥ ಮನೆಯಲ್ಲಿ ಬೆಳೆದ ಅಕ್ಕನಿಗೆ ನನ್ನ ಮೇಲೆ ಸಂಶಯ ಬಂದದ್ದು ಸಹಜ. ಆದರೆ ಮಾಲು ಕಡಿಮೆ ಕಳಿಸಿದ್ದೀ ಎಂಬ ಆರೋಪ ನನ್ನಂಥ ಡಿಸ್‌ಪ್ಯಾಚಿನವನ ಮೇಲೆ. ನಾನೂ ಒಂದೆರಡು ಮಾತು ಹೆಚ್ಚು ಆಡಿದೆ, ಅವಳ ಓವನ್ನಿನ ವಯಸ್ಸು ಎತ್ತಿದೆ. "ಮಗನ ಮದುವೆಗೆ ಸೋದರಮಾವ ಇಲ್ಲದಿದ್ದರೂ ನಡೀತದೆ" ಎಂದು ಅವಳು ಫೋನ್ ಇಟ್ಟಳು. ನಮ್ಮಲ್ಲಿ ಮದುವೆಯಲ್ಲಿ ಸೋದರಮಾವನ ಜಾಗ ಖಾಲಿ ಬಿಡುವುದೆಂದರೆ ಸಣ್ಣ ಮಾತಲ್ಲ.

ಮುಂದಿನ ಭಾನುವಾರ ಅಕ್ಕನಿಗೆ ಫೋನ್ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಓವನ್ ಮುಂದೆ ಸ್ಟೂಲ್ ಹಾಕಿ ಕೂತೆ. ಲವೀನಾ ಎರಡು ಸಲ ಬಂದು "ಹಿತ್ತಿಲಿಗೆ ಹೋಗುವುದಿಲ್ವಾ? ಒಳ್ಳೆ ಗಾಳಿ ಉಂಟು" ಎಂದಳು. ನಾನು ಅಲುಗಲಿಲ್ಲ. ಆ ದಿನ ಮಕ್ಕಳು ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ಇಟ್ಸ್ ಓಕೆ ಡ್ಯಾಡ್, ನಾಟ್ ಹಂಗ್ರಿ" ಎಂದಳು ಮಗಳು. ನಾನು ತಿಂದು ನೋಡಿದೆ. ಬೇಯಿಸಿದ ರಟ್ಟು. ಮಿನ್ಸ್ ಕೆಟ್ಟದ್ದೇ, ಆಲೂಗಡ್ಡೆ ಹಳೆಯದೇ ಎಂದು ಒಂದು ವಾರ ಯೋಚಿಸಿದೆ. ಅದರ ಮುಂದಿನ ಭಾನುವಾರವೂ ಕೂತೆ, ಆಗಲೂ ರಟ್ಟೇ. ಆಗ ನನ್ನೊಳಗಿನ ಸೂಪರ್‌ವೈಸರ್ ಎಚ್ಚೆತ್ತ. ಸಾಮಾನು ಅದೇ, ಓವನ್ ಅದೇ. ಬದಲಾದದ್ದು ಒಂದೇ, ನಾನು ಅಡುಗೆಮನೆಯಲ್ಲಿದ್ದೆ.

ಮೂರನೆಯ ಭಾನುವಾರ ಫಾಯಿಲ್‌ನ ಮೂಲೆಯನ್ನು ನಾಲ್ಕು ಮಡಿಕೆ ಮಾಡಿ ಗುರುತಿಟ್ಟೆ. ಫೋನನ್ನು ಕಿವಿಗೆ ಇಟ್ಟುಕೊಂಡು ಹಿತ್ತಿಲಿಗೆ ಹೋದೆ. ಆ ಕಡೆ ಯಾರೂ ಇಲ್ಲ. "ಹೌದು ಅಕ್ಕ, ಇಲ್ಲೂ ಚಳಿ" ಎನ್ನುತ್ತಾ, ಅಡುಗೆಮನೆ ಕಾಣುವ ಲಾಂಡ್ರಿ ಕೋಣೆಯ ಕಿಟಕಿಯ ಹತ್ತಿರ ಸರಿದೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಕೈಬೀಸಿದರು, ನಾನು ಪೊದೆಯ ನಡುವೆ ಬಗ್ಗಿಕೊಂಡೇ ಬೀಸಿದೆ. ಒಳಗೆ ಲವೀನಾ ಟ್ರೇ ಹೊರಗೆಳೆದಳು. ಫಾಯಿಲ್ ಬಿಚ್ಚಿದಳು. ಮೇಲಿನ ಆಲೂಗಡ್ಡೆಯನ್ನು ಸಟ್ಟುಗದಿಂದ ಎತ್ತಿ, ಬಾಟಲಿಯಿಂದ ಎರಡು ಚಮಚ ಕೆಂಪು ಪುಡಿ ಉದುರಿಸಿದಳು, ಅದರ ಮೇಲೆ ಒಂದಿಷ್ಟು ವಿನೆಗರ್. ಮುಚ್ಚಿ, ಮೂಲೆಯನ್ನು ನಾಲ್ಕೇ ಮಡಿಕೆ ಮಾಡಿದಳು.

ಬಫಾತ್ ಪುಡಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಶಿನ ಎಲ್ಲ ಬಿಸಿಲಿಗೆ ಒಣಗಿಸಿ ಮನೆಯಲ್ಲೇ ಪುಡಿ ಮಾಡಿಸಿದ ನಮ್ಮವರ ಮಸಾಲೆ. ಅವಳ ತವರಿನಿಂದ ಬರುತ್ತದೆ, ಪ್ರತಿ ಸಲ ಏರ್‌ಪೋರ್ಟಿನಲ್ಲಿ ಅಧಿಕಾರಿಯ ಮುಂದೆ ಬಿಚ್ಚಿ ತೋರಿಸುವವನು ನಾನೇ. ಎರಡು ವರ್ಷ ನಾನು ಬ್ಯಾರಿಯ ಪಟ್ಟಿಯ ಒಂದು ಚಮಚ ಪ್ಯಾಪ್ರಿಕಾ ಎಂಬ ಖಾರವಿಲ್ಲದ ಮೆಣಸಿನ ಪುಡಿಯಿಂದಲೇ ಇಷ್ಟು ಬಣ್ಣ ಬಂತೆಂದು ನಂಬಿದ್ದೆ.

ಕೇಳಿಬಿಡಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಹಾಕುವುದನ್ನು ನಿಲ್ಲಿಸಿದರೆ? ಮಕ್ಕಳ ಮುಂದೆ ನನ್ನ ಗತಿ? ಅಂದು ಟ್ರೇ ಖಾಲಿಯಾಯಿತು, ನಾನು ಹೊಗಳಿಕೆಯನ್ನು ಮುಖ ತಗ್ಗಿಸಿ ಸ್ವೀಕರಿಸಿದೆ. ಅದನ್ನು ವಿನಯ ಎಂದುಕೊಂಡರು.

ಆದರೆ ಅಕ್ಕನದ್ದು ಹಾಗೆ ಬಿಡುವಂತಿರಲಿಲ್ಲ. "ನಿನ್ನ ಕಣ್ಣೆದುರೇ ಮಾಡಿ ತೋರಿಸ್ತೇನೆ" ಎಂದು ಮೆಸೇಜ್ ಕಳಿಸಿ ಶನಿವಾರದ ವಿಮಾನ ಹತ್ತಿದೆ. ಶುಕ್ರವಾರವೇ ಲವೀನಾಳ ಬಾಟಲಿಯಿಂದ ಎರಡು ಚಮಚ ಪುಡಿಯನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸಾಕ್ಸಿನೊಳಗೆ ಇಟ್ಟಿದ್ದೆ. ನನ್ನ ಯೋಚನೆ ನಿಮಗೆ ತಿಳಿಯಿತಲ್ಲ? ಏನೂ ನುಂಗಿಲ್ಲ ಎಂದು ಸಾಬೀತು ಮಾಡಲು, ನಾನು ಮೊದಲ ಸಲ ನುಂಗಲು ಹೊರಟಿದ್ದೆ.

ಟೂಂಗಾಬಿಯಲ್ಲಿ ಅಕ್ಕ ಪಟ್ಟಿ ಹಿಡಿದು ಓವನ್ ಪಕ್ಕ ಕುರ್ಚಿ ಹಾಕಿ ಕೂತಿದ್ದಳು. ನಾನು ಹಾಕಿದ್ದಕ್ಕೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದಳು. ನಮ್ಮ ವಂಶಕ್ಕೇ ಡಿಸ್‌ಪ್ಯಾಚ್ ಕೆಲಸ ಒಪ್ಪುತ್ತದೆ ಅನ್ನಿಸಿತು. ಟ್ರೇ ಒಳಗೆ ಹೋಯಿತು, ಅವಳು ಕುರ್ಚಿ ಬಿಡಲಿಲ್ಲ. ನಾನು ಲವೀನಾಳಿಗೆ ಫೋನ್ ಮಾಡಿ, "ಅಕ್ಕನ ಹತ್ತಿರ ಮಾತಾಡು" ಎಂದು ಅಕ್ಕನ ಕೈಗೆ ಕೊಟ್ಟೆ. ಮೊದಲು ಮುಖ ಸಿಂಡರಿಸಿದವಳು, "ಹೌದಾ? ಹಾಗಾ?" ಎನ್ನುತ್ತಾ ಎದ್ದು ಹಿತ್ತಿಲಿಗೆ ನಡೆದಳು. ದೇವರು ದೊಡ್ಡವನು ಎಂದುಕೊಂಡು ನಾನು ಸಾಕ್ಸ್ ಬಿಚ್ಚಿದೆ. ಅವಸರದಲ್ಲಿ ಸ್ವಲ್ಪ ಪುಡಿ ನೆಲಕ್ಕೂ ಬಿತ್ತು, ಅದನ್ನು ಅದೇ ಸಾಕ್ಸಿನಿಂದ ಒರೆಸಿದೆ.

ಆ ರಾತ್ರಿ ಭಾವ ಮೂರು ಸಲ ಬಡಿಸಿಕೊಂಡರು. ಸೋದರಳಿಯ ಅರ್ಧವನ್ನು ಹುಡುಗಿಯ ಮನೆಗೆ ಕಟ್ಟಿಕೊಂಡ. ಅಕ್ಕ ಚಮಚ ನೆಕ್ಕಿ, "ನನ್ನ ಓವನ್ನೇ ಸರಿ ಇರಲಿಲ್ಲ ಕಾಣ್ತದೆ. ಮದುವೆಗೆ ಎರಡು ದಿನ ಮೊದಲೇ ಬಾ" ಎಂದಳು. ನನ್ನ ಕಣ್ಣು ತುಂಬಿತು. ಖಾರಕ್ಕೆ ಎಂದೆ.

ಮರುದಿನ ಹೊರಡುವಾಗ ಅಕ್ಕ ಬಾಗಿಲಲ್ಲಿ ಒಂದು ಬಾಟಲಿ ಕೈಗಿಟ್ಟಳು. "ಅಮ್ಮನ ಅಳತೆಯ ಬಫಾತ್. ಲವೀನಾಳ ಪುಡಿಗೆ ಕೊತ್ತಂಬರಿ ಜಾಸ್ತಿ, ಅವಳಿಗೆ ಹೇಳಬೇಡ."

"ಯಾವ ಪುಡಿ?" ಎಂದೆ.

"ನಿನ್ನೆ ಫೋನಲ್ಲಿ ಹೇಳಿದಳು. 'ಬಾಟಲಿಯಲ್ಲಿ ಎರಡು ಚಮಚ ಕಡಿಮೆ ಉಂಟು. ಅವರು ಈಗ ಹಾಕ್ತಾ ಇರಬಹುದು, ಐದು ನಿಮಿಷ ಒಳಗೆ ಹೋಗಬೇಡಿ ಅಕ್ಕ' ಅಂತ. ಪಾಪ, ನಾನು ಹತ್ತು ನಿಮಿಷ ನಿಂತೆ. ಹಗ್ಗದ ಬಟ್ಟೆ ಎಲ್ಲ ಮಡಚಿ ಆಯ್ತು."

ಹದಿನಾಲ್ಕು ವರ್ಷದ ಅನುಭವಸ್ಥ ನಾನು ಬಾಟಲಿ ಹಿಡಿದು ಮನೆಗೆ ಬಂದೆ. ಅದನ್ನು ಲವೀನಾಳ ಬಾಟಲಿಯ ಪಕ್ಕದಲ್ಲೇ ಇಟ್ಟೆ. ಈಗಲೂ ಭಾನುವಾರ ನಾಲ್ಕೂವರೆಗೆ ಫಾಯಿಲ್ ಮುಚ್ಚಿ, ಹಿತ್ತಿಲಿಗೆ ಹೋಗಿ ಅಕ್ಕನಿಗೆ ಫೋನ್ ಮಾಡುತ್ತೇನೆ. "ಅವಳದ್ದು ಆಯಿತಾ?" ಎಂದು ಅಕ್ಕ ಕೇಳುತ್ತಾಳೆ. ಲಾಂಡ್ರಿ ಕಿಟಕಿಗೆ ಬೆನ್ನು ಮಾಡಿ ನಿಂತು ನಾನು ಹೇಳುತ್ತೇನೆ, "ಇನ್ನೊಂದು ಐದು ನಿಮಿಷ ಮಾತಾಡು."